ಹೊಳೆ ದಡದಲ್ಲಿ ಎರಡು ಫ್ರಿಜ್, ಒಂದು ಜನರೇಟರ್: ಮೂರು ರಾತ್ರಿಯ ಲೆಕ್ಕ

ದೋಸೆ ಹಿಟ್ಟು ಡಬ್ಬಿಯ ಮುಚ್ಚಳ ತಳ್ಳಿಕೊಂಡು ಉಕ್ಕಿ, ಫ್ರಿಜ್ ಬಾಗಿಲ ಸಂದಿಯಿಂದ ಇಳಿದು, ಕೆಳಗೆ ಹುಲ್ಲಿನ ಮೇಲೆ ಹಪ್ಪಳದ ಥರ ಒಣಗಿತ್ತು. ಹೋದ ವರ್ಷ ಏಪ್ರಿಲ್‌ನಲ್ಲಿ, ಕ್ಯಾಂಪಿನ ಎರಡನೇ ದಿನ ಬೆಳಗ್ಗೆ ಎದ್ದು ನಾನು ಮೊದಲು ನೋಡಿದ್ದು ಇದನ್ನೇ. ಒಳಗೆ ಹನ್ನೆರಡು ಪ್ಯಾಕೆಟ್ ಹಾಲು ಬೆಚ್ಚಗಿತ್ತು. ಪಕ್ಕದ ಡೀಪ್ ಫ್ರೀಜರ್ ತೆಗೆದರೆ ನಾಲ್ಕು ಕೇಜಿ ಮಟನ್ನು, ಎರಡು ಕೇಜಿ ಮೀನು, ಎಲ್ಲ ಕೆಂಪು ನೀರಿನಲ್ಲಿ ಕೂತಿತ್ತು. ದೊಡ್ಡಮ್ಮ ಒಂದು ಸಲ ಬಗ್ಗಿ ನೋಡಿ, "ಮುಟ್ಟಬೇಡಿ, ಹೂತುಬಿಡಿ" ಅಂದರು. ಎಲ್ಲವೂ ತೆಂಗಿನ ಬುಡಕ್ಕೆ ಹೋಯಿತು. ತಮಾಷೆ ಅಂದರೆ, ಬೆಳಗಿನ ಜಾವ ಪೆಟ್ರೋಲ್ ಮುಗಿಯುವವರೆಗೂ ಜನರೇಟರ್ ಪಟಪಟ ಅಂತ ಓಡುತ್ತಲೇ ಇತ್ತು. ಬಲ್ಬೂ ಉರಿಯುತ್ತಿತ್ತು. ಹಾಗಾಗಿ ಫ್ರಿಜ್ ಓಡುತ್ತಿಲ್ಲ ಅಂತ ಯಾರಿಗೂ ಅನುಮಾನವೇ ಬರಲಿಲ್ಲ.

ಈ ವರ್ಷ ಅದೇ ಜಾಗ, ಅದೇ ಜನ, ಅದೇ ಎರಡು ಫ್ರಿಜ್ಜು. ಜನರೇಟರ್ ಮಾತ್ರ ಬೇರೆ. ಅದನ್ನು ಹೇಗೆ ಆರಿಸಿದೆವು, ಏನೇನು ಅಳೆದೆವು, ಎಲ್ಲಿ ಮತ್ತೆ ಎಡವಿದೆವು ಅಂತ ಪೂರ್ತಿ ಬರೆದಿಡುತ್ತಿದ್ದೇನೆ. ನಮ್ಮ ಥರ ದೊಡ್ಡ ಸಂಸಾರ ಕಟ್ಟಿಕೊಂಡು ತೋಟದಲ್ಲಿ ಟೆಂಟ್ ಹಾಕುವವರಿಗೆ ಬೇಕಾಗಬಹುದು.

ಜಾಗ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಕಾವೇರಿ ಪಕ್ಕ, ನಮ್ಮ ಭಾವನ ಕಡೆಯವರ ತೆಂಗಿನ ತೋಟ. ಮೈಸೂರಿನಿಂದ ಮುಕ್ಕಾಲು ಗಂಟೆ ದಾರಿ. ಹೊಳೆಗೆ ಹತ್ತಿರದ ಆ ತುಂಡಿಗೆ ಕರೆಂಟ್ ಇಲ್ಲ. ಹತ್ತಿರದ ಕಂಬ ಅರ್ಧ ಕಿಲೋಮೀಟರ್ ಆಚೆ. ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗ್ಗೆವರೆಗೆ ಹದಿನೆಂಟು ಜನ. ಅದರಲ್ಲಿ ಆರು ಮಕ್ಕಳು, ಮೂರು ಜನ ವಯಸ್ಸಾದವರು. ದೊಡ್ಡಮ್ಮನಿಗೆ ದಿನಾ ಎರಡು ಹೊತ್ತು ಇನ್ಸುಲಿನ್. ಏಪ್ರಿಲ್ ಬಿಸಿಲು, ಮಧ್ಯಾಹ್ನ ಟೆಂಟ್ ಒಳಗೆ ಕಾಲಿಡುವ ಹಾಗಿರುವುದಿಲ್ಲ.

ಫ್ರಿಜ್ ಯಾಕೆ, ಕ್ಯಾಂಪಿಗೂ ಫ್ರಿಜ್ಜಾ ಅಂತ ನಗುವವರಿದ್ದಾರೆ. ನಾನೂ ನಗುತ್ತಿದ್ದೆ. ಆದರೆ ಹದಿನೆಂಟು ಜನಕ್ಕೆ ಹಾಲು, ಮೊಸರು, ಹಿಟ್ಟು, ತರಕಾರಿ, ಮಾಂಸ, ಔಷಧಿ ಎಲ್ಲ ಮೂರು ದಿನ ಇಡಬೇಕು ಅಂದರೆ ಎರಡು ಥರ್ಮಾಕೋಲ್ ಡಬ್ಬಿಯಲ್ಲಿ ಆಗುವ ಮಾತಲ್ಲ. ನಮ್ಮ ಮನೆಯ ಹಳೇ 190 ಲೀಟರ್ ಸಿಂಗಲ್ ಡೋರ್ ಫ್ರಿಜ್ಜು ಇತ್ತು, ಒಂಬತ್ತು ವರ್ಷದ್ದು, ಹೊಸದು ಬಂದ ಮೇಲೆ ಸುಮ್ನೆ ಮೂಲೆಯಲ್ಲಿತ್ತು. ಭಾವನ ಹತ್ತಿರ ಅಂಗಡಿ ಮುಚ್ಚಿದಾಗ ಉಳಿದ 100 ಲೀಟರ್ ಡೀಪ್ ಫ್ರೀಜರ್ ಇತ್ತು, ಮೇಲಿಂದ ಮುಚ್ಚಳ ತೆಗೆಯುವಂಥದ್ದು. ಎರಡನ್ನೂ ಟಾಟಾ ಏಸ್‌ನಲ್ಲಿ ನಿಲ್ಲಿಸಿಕೊಂಡು ಹೋಗುವುದು.

ಹೋದ ವರ್ಷ ಏನಾಗಿತ್ತು ಅಂದರೆ, ಒಂದು ಶಾಮಿಯಾನ ಅಂಗಡಿಯಿಂದ ಚಿಕ್ಕ ಟೂ ಸ್ಟ್ರೋಕ್ ಜನರೇಟರ್ ತಂದಿದ್ದೆವು. 650 ವ್ಯಾಟ್‌ನದು, ಒಂದು ಕೈಯಲ್ಲಿ ಎತ್ತಬಹುದು. ಅಂಗಡಿಯವರ ಲೆಕ್ಕ ಬಹಳ ಸರಳವಾಗಿತ್ತು. "ಒಂದು ಫ್ರಿಜ್ಜು 150 ವ್ಯಾಟ್ ಸಾರ್, ಎರಡು ಹಾಕಿದರೂ 300. ಇದು 650 ಕೊಡ್ತದೆ. ಇನ್ನೇನು ಬೇಕು?" ನನಗೂ ಸರಿ ಅನ್ನಿಸಿತ್ತು. ಕೂಡುವ ಲೆಕ್ಕ ಎಲ್ಲರಿಗೂ ಬರುತ್ತೆ ಅಲ್ವಾ.

ತಪ್ಪಿದ್ದು ಆ ಲೆಕ್ಕದಲ್ಲೇ. 150 ವ್ಯಾಟ್ ಅನ್ನುವುದು ಫ್ರಿಜ್ ಓಡುವಾಗ ತಿನ್ನುವ ಕರೆಂಟು. ನಿಂತ ಕಂಪ್ರೆಸರ್ ಎದ್ದು ತಿರುಗಲು ಶುರು ಮಾಡುವ ಆ ಅರ್ಧ ಸೆಕೆಂಡಿನಲ್ಲಿ ಅದು ಅದರ ಎಷ್ಟೋ ಪಟ್ಟು ಎಳೆಯುತ್ತದೆ. ಕೆಟ್ಟು ನಿಂತ ಗಾಡಿ ತಳ್ಳುವಾಗ ಮೊದಲ ಒಂದು ಅಡಿಗೆ ನಾಲ್ಕು ಜನ ಬೇಕು, ಆಮೇಲೆ ಒಬ್ಬನೇ ಸಾಕು, ಅದೇ ಕಥೆ. ಮನೆಯಲ್ಲಿ ಇದು ಗೊತ್ತಾಗುವುದಿಲ್ಲ. ಲೈನ್ ಕರೆಂಟಿಗೆ ಅದೊಂದು ಲೆಕ್ಕವೇ ಅಲ್ಲ. 650 ವ್ಯಾಟ್ ಜನರೇಟರ್ ಹೆಚ್ಚೆಂದರೆ ಮೂರು ಆಂಪಿಯರ್ ಹತ್ತಿರ ಕೊಡುತ್ತದೆ. ಕಂಪ್ರೆಸರ್ ಅದಕ್ಕಿಂತ ಜಾಸ್ತಿ ಕೇಳಿದಾಗ ವೋಲ್ಟೇಜ್ ಧೊಪ್ಪನೆ ಬೀಳುತ್ತದೆ. ಕಂಪ್ರೆಸರ್ ತಿರುಗುವುದಿಲ್ಲ, "ಗುಂಯ್" ಅಂತ ನಾಲ್ಕೈದು ಸೆಕೆಂಡ್ ನರಳುತ್ತದೆ, ಬಿಸಿಯಾಗುತ್ತದೆ, ಅದಕ್ಕೆ ಅಂಟಿಸಿರುವ ಓವರ್‌ಲೋಡ್ ಸ್ವಿಚ್ "ಕಟ್" ಅಂತ ಕರೆಂಟ್ ಕಡಿಯುತ್ತದೆ. ಐದು ನಿಮಿಷ ತಣ್ಣಗಾಗಿ ಮತ್ತೆ ಗುಂಯ್, ಮತ್ತೆ ಕಟ್. ಆ ರಾತ್ರಿ ಹನ್ನೊಂದು ಗಂಟೆಗೆ ಆ ಶಬ್ದ ನನ್ನ ಕಿವಿಗೆ ಬಿದ್ದಿತ್ತು. ಫ್ರಿಜ್ಜು ಚೆನ್ನಾಗಿ ಕೆಲಸ ಮಾಡ್ತಾ ಇದೆ ಅಂತ ತಿಳಿದು ಮಲಗಿಬಿಟ್ಟೆ! ರಾತ್ರಿಯಿಡೀ ಹೀಗೆ ಮಾಡಿಯೂ ಆ ಎರಡು ಕಂಪ್ರೆಸರ್ ಸುಟ್ಟುಹೋಗದೆ ಉಳಿದದ್ದು ನಮ್ಮ ಪುಣ್ಯ.

ಹಾಗಾಗಿ ಈ ಸಲ ಜನರೇಟರ್ ಅಂಗಡಿಗೆ ಹೋಗುವ ಮೊದಲು ಫ್ರಿಜ್ ಹತ್ತಿರ ಹೋದೆವು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ನಾವು ಮಾಡಿದ ಬುದ್ಧಿವಂತಿಕೆ ಇದೊಂದೇ. ಪ್ಲಗ್‌ಗೂ ಸಾಕೆಟ್‌ಗೂ ಮಧ್ಯೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ಸಿಗುತ್ತದೆ, ಅದನ್ನು ಒಂದು ದಿನ ಪೂರ್ತಿ ಹಾಕಿಟ್ಟೆ. ಫ್ರಿಜ್ ಓಡುವಾಗ 120 ವ್ಯಾಟ್, 24 ಗಂಟೆಗೆ 1.1 ಯೂನಿಟ್. ಫ್ರೀಜರ್ 140 ವ್ಯಾಟ್, 24 ಗಂಟೆಗೆ 1.4 ಯೂನಿಟ್. ಇದು ಪೆಟ್ರೋಲಿನ ಲೆಕ್ಕಕ್ಕೆ. ಜನರೇಟರ್ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ಬೇರೆ ಅಳತೆ ಬೇಕು. ಎಲೆಕ್ಟ್ರಿಷಿಯನ್ ಗೆಳೆಯನೊಬ್ಬ ಕ್ಲ್ಯಾಂಪ್ ಮೀಟರ್ ತಂದ, ಸ್ಟಾರ್ಟ್ ಆಗುವ ಕ್ಷಣದ ಕರೆಂಟನ್ನು ಹಿಡಿದಿಟ್ಟುಕೊಳ್ಳುವಂಥದ್ದು. ಫ್ರಿಜ್ಜಿಗೆ 8.2 ಆಂಪಿಯರ್ ತೋರಿಸಿತು. ಫ್ರೀಜರ್‌ಗೆ 9.6. ಲೈನ್ ಕರೆಂಟಿನ 230 ವೋಲ್ಟ್‌ನಿಂದ ಗುಣಿಸಿ ನೋಡಿ. ಒಂದು 1,900 ವಿಎ (ವೋಲ್ಟ್ ಆಂಪಿಯರ್) ಹತ್ತಿರ, ಇನ್ನೊಂದು 2,200. ಓಡುವಾಗ ಎರಡೂ ಸೇರಿ 260 ವ್ಯಾಟ್ ತಿನ್ನುವ ಪ್ರಾಣಿಗಳು, ಏಳುವಾಗ ಒಂದೊಂದೂ ಎರಡು ಸಾವಿರ ಕೇಳುತ್ತವೆ. ಗೆಳೆಯ ಮೀಟರ್ ನನ್ನ ಮುಖದ ಮುಂದೆ ಹಿಡಿದು, "650 ತಗೊಂಡು ಹೋಗಿದ್ಯಲ್ಲ ಮಾರಾಯ" ಅಂದ.

ಎಲ್ಲ ಫ್ರಿಜ್ಜೂ ಹೀಗಲ್ಲ. ಈಗ ಬರುವ ಇನ್ವರ್ಟರ್ ಕಂಪ್ರೆಸರ್ ಫ್ರಿಜ್ಜುಗಳು ಮೆಲ್ಲಗೆ ತಿರುಗಲು ಶುರು ಮಾಡುತ್ತವೆ, ಈ ಎಳೆತ ಬಹಳ ಕಡಿಮೆ. ಫ್ರಾಸ್ಟ್ ಫ್ರೀ ಆದರೆ ಮಧ್ಯೆ ಮಧ್ಯೆ ಒಳಗಿನ ಹೀಟರ್ ಆನ್ ಆಗುತ್ತದೆ, ಅದೂ ಒಂದಷ್ಟು ವ್ಯಾಟ್ ತಿನ್ನುತ್ತದೆ. ನಮ್ಮದು ಎರಡೂ ಹಳೇ ಕಾಲದವು, ಗುದ್ದಿ ಎದ್ದೇಳುವ ಜಾತಿ.

ಆಮೇಲೆ ಜನರೇಟರ್ ಹುಡುಕಾಟ. ಭಾವನ ಮನಸ್ಸು ಮೊದಲಿನಿಂದಲೂ ಸಾದಾ 2.5 ಕೆವಿಎ, ಅಂದರೆ 2,500 ವಿಎ ಜನರೇಟರ್ ಮೇಲಿತ್ತು, ಅದೇ ಪೈಪಿನ ಚೌಕಟ್ಟಿನೊಳಗೆ ಎಂಜಿನ್ ಕೂತಿರುತ್ತಲ್ಲ, ಅಂಗಡಿಗಳ ಮುಂದೆ ಫುಟ್‌ಪಾತ್ ಮೇಲೆ ಬಡಿದುಕೊಳ್ಳುವಂಥದ್ದು. ಅದರ ಪರವಾಗಿ ಹೇಳುವುದು ಬೇಕಾದಷ್ಟಿದೆ. ಬೆಲೆ ಕಡಿಮೆ. ಮಂಡ್ಯದಲ್ಲಿ ಯಾವ ಮೆಕ್ಯಾನಿಕ್ಕಾದರೂ ಬಿಚ್ಚುತ್ತಾನೆ. ಎಳೆತವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದರ ಒಂದು ಗುಣ ನಮಗೆ ಆಗಿಬರಲಿಲ್ಲ. 50 ಹರ್ಟ್ಜ್ ಕರೆಂಟ್ ಬರಬೇಕು ಅಂದರೆ ಅದು ಯಾವಾಗಲೂ ನಿಮಿಷಕ್ಕೆ 3,000 ಸುತ್ತು ಓಡಲೇಬೇಕು. ನೀವು ಎರಡು ಸಾವಿರ ವ್ಯಾಟ್ ಹಾಕಿ, ಒಂದು ಫೋನ್ ಚಾರ್ಜ್‌ಗೆ ಹಾಕಿ, ಅದರ ಕೂಗು ಹೆಚ್ಚುಕಮ್ಮಿ ಒಂದೇ. ಪೆಟ್ರೋಲೂ ಅದೇ ಹುಮ್ಮಸ್ಸಿನಲ್ಲಿ ಕುಡಿಯುತ್ತದೆ. ನಮ್ಮ ಫ್ರಿಜ್ಜುಗಳಿಗೆ ದಿನದಲ್ಲಿ ಕೆಲವೇ ಸೆಕೆಂಡು ಎರಡು ಸಾವಿರ ಬೇಕು, ಮಿಕ್ಕ ಹೊತ್ತೆಲ್ಲ ಇನ್ನೂರೈವತ್ತು ಸಾಕು. ಹೊಳೆ ಪಕ್ಕ ಕೂತು, ರಂಗನತಿಟ್ಟಿನ ಕಡೆಯಿಂದ ಹಾರಿ ಬರುವ ಕೊಕ್ಕರೆ ನೋಡೋಣ ಅಂತ ಹೋಗಿ, ಒಬ್ಬರಿಗೊಬ್ಬರು ಕಿರುಚಿ ಮಾತಾಡುವುದು ಯಾಕೆ?

ಇನ್ವರ್ಟರ್ ಜನರೇಟರ್ ಇಲ್ಲಿ ಬೇರೆ. ಅದು ಎಂಜಿನ್ನಿನ ಕರೆಂಟನ್ನು ಒಮ್ಮೆ ಡಿಸಿ ಮಾಡಿ, ಮತ್ತೆ ಎಲೆಕ್ಟ್ರಾನಿಕ್ಸ್‌ನಲ್ಲಿ ನೀಟಾಗಿ 230 ವೋಲ್ಟ್, 50 ಹರ್ಟ್ಜ್ ಮಾಡಿ ಕೊಡುತ್ತದೆ. ಹಾಗಾಗಿ ಎಂಜಿನ್ ಎಷ್ಟು ವೇಗದಲ್ಲಿ ಓಡಿದರೂ ನಡೆಯುತ್ತದೆ. ಲೋಡ್ ಕಡಿಮೆ ಇದ್ದಾಗ ನಿಧಾನ ಓಡಿ ಪೆಟ್ರೋಲ್ ಉಳಿಸುತ್ತದೆ, ಶಬ್ದವೂ ಇಳಿಯುತ್ತದೆ. ಬೆಲೆ ಮಾತ್ರ ಎದೆ ಒಡೆಯುವಂಥದ್ದು. ಮತ್ತೆ, ಹೇಳಿದ್ದಕ್ಕಿಂತ ಒಂದು ಹಿಡಿ ಜಾಸ್ತಿ ಎಳೆದರೆ ಕರುಣೆ ಇಲ್ಲದೆ ಕೆಂಪು ದೀಪ ಹಾಕಿ ಕರೆಂಟ್ ಕಡಿಯುತ್ತದೆ.

ಇದರಲ್ಲೂ ಎರಡು ಅಳತೆ ನೋಡಿದೆವು. ಒಂದು ಸಾವಿರ ವ್ಯಾಟ್‌ನದು 13 ಕೇಜಿ, ಟಿಫನ್ ಕ್ಯಾರಿಯರ್ ಥರ ಹಿಡಿದುಕೊಂಡು ಹೋಗಬಹುದು. ಆದರೆ ಹೆಚ್ಚೆಂದರೆ 4.3 ಆಂಪಿಯರ್. ನಮ್ಮ ಫ್ರಿಜ್ಜಿಗೆ 8.2 ಬೇಕು. ಅಲ್ಲಿಗೆ ಅದರ ಮಾತು ಮುಗಿಯಿತು. ಇನ್ನೊಂದು 2.2 ಕೆವಿಎ ವರ್ಗದ್ದು. ಹೋಂಡಾದ ಇಯು22ಐ ಅಂಕಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಿ: ಹೆಚ್ಚೆಂದರೆ 2,200 ವ್ಯಾಟ್, ಸತತವಾಗಿ 1,800, ತೂಕ 21 ಕೇಜಿ, ಟ್ಯಾಂಕ್ 3.6 ಲೀಟರ್. ಪೂರ್ತಿ ಲೋಡ್‌ಗೆ ಮೂರು ಗಂಟೆ ಚಿಲ್ಲರೆ, ಕಾಲು ಭಾಗ ಲೋಡ್‌ಗೆ ಎಂಟು ಗಂಟೆ ಹತ್ತಿರ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಪ್ರತಿ 300 ಮೀಟರ್‌ಗೆ ಎಂಜಿನ್ ಶಕ್ತಿ ಮೂರು ಮೂರೂವರೆ ಶೇಕಡಾ ಇಳಿಯುತ್ತದೆ. ಅಂದರೆ ನಮ್ಮ ಕಡೆ 1,800 ಅಂದರೆ 1,650 ಅಂತ ಇಟ್ಟುಕೊಳ್ಳಬೇಕು. ಬಿಸಿಲಿಗೆ ಇನ್ನಷ್ಟು ಕಳೆಯಿರಿ. ಓಡಿಸಲು ಧಾರಾಳ ಸಾಕು. ಎಬ್ಬಿಸಲು ಮಾತ್ರ ತುದಿಯಲ್ಲಿದೆ.

ಬ್ಯಾಟರಿ ಪವರ್ ಸ್ಟೇಷನ್ ಅಂತ ಬಂದಿದೆಯಲ್ಲ, ಅದನ್ನೂ ಯೋಚಿಸಿದೆವು. ಒಂದು ಕಿಲೋವ್ಯಾಟ್ ಅವರ್‌ನದಾದರೆ ಕೈಗೆ ಸಿಗುವುದು 850 ವ್ಯಾಟ್ ಅವರ್ ಇರಬಹುದು. ಫ್ರಿಜ್ ಒಂದನ್ನೇ ಮುಕ್ಕಾಲು ದಿನ ಸಾಕುತ್ತದೆ. ಎರಡಕ್ಕೆ, ಮೂರು ದಿನಕ್ಕೆ ಆಗದು.

ಕೊನೆಗೆ 2.2 ಕೆವಿಎ ಇನ್ವರ್ಟರ್ ಜನರೇಟರ್ ಒಂದನ್ನು ಮೈಸೂರಿನಲ್ಲೇ ಬಾಡಿಗೆಗೆ ಹಿಡಿದೆವು, ದಿನಕ್ಕೆ 1,500 ರೂಪಾಯಿ. ಭಾವ ಕೊಂಡುಬಿಡೋಣ ಅಂತ ಕುಣಿಯುತ್ತಿದ್ದರು. ನಾನು ಒಪ್ಪಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಹೊರಡುವ ಹಿಂದಿನ ದಿನ ನಮ್ಮ ಮನೆ ಹಿಂದಿನ ಖಾಲಿ ಜಾಗದಲ್ಲಿ ಟ್ರಯಲ್ ಮಾಡಿದೆವು. ಇದನ್ನು ಯಾರೂ ಬಿಡಬಾರದು. ಮೊದಲು ಫ್ರಿಜ್ ಹಾಕಿದೆವು, ಎಂಜಿನ್ ಒಂದು ಸಲ ಗುಟುರು ಹಾಕಿತು, ಎದ್ದಿತು. ಐದು ನಿಮಿಷ ಬಿಟ್ಟು ಫ್ರೀಜರ್ ಹಾಕಿದೆವು. ಕೆಂಪು ದೀಪ. ಎರಡೂ ಬಂದ್. ಮತ್ತೆ ಮಾಡಿದರೂ ಅದೇ. ಭಾವ ನನ್ನನ್ನೇ ನೋಡಿದರು, "ಇಷ್ಟೆಲ್ಲಾ ಲೆಕ್ಕ ಹಾಕಿ ಇದಾ?" ಅನ್ನುವ ಥರ.

ಗೆಳೆಯ ಒಂದು ನಿಮಿಷ ತಲೆ ಕೆರೆದು ಎರಡು ಕೆಲಸ ಹೇಳಿದ. ಒಂದು, ಲೋಡ್ ಕಡಿಮೆ ಇದ್ದಾಗ ಎಂಜಿನ್ ನಿಧಾನ ಮಾಡುವ ಎಕೋ ಸ್ವಿಚ್ ಆಫ್ ಮಾಡು. ಎಕೋದಲ್ಲಿ ಎಂಜಿನ್ ತೂಕಡಿಸುತ್ತಿರುತ್ತದೆ, ಕಂಪ್ರೆಸರ್ ಗುದ್ದಿದಾಗ ಅದು ಎದ್ದು ವೇಗ ಹಿಡಿಯುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಎರಡು, ದೊಡ್ಡದನ್ನು ಮೊದಲು ಎಬ್ಬಿಸು. ಲೆಕ್ಕ ನೋಡಿ: ಫ್ರಿಜ್ ಆಗಲೇ ಓಡುತ್ತಾ ಒಂದು ಆಂಪಿಯರ್ ಹತ್ತಿರ ತಿನ್ನುತ್ತಿದ್ದರೆ, ಅದರ ಮೇಲೆ ಫ್ರೀಜರ್‌ನ 9.6 ಸೇರಿ ಹತ್ತು ದಾಟುತ್ತದೆ. ಜನರೇಟರ್ ಮಿತಿ 9.6. ಅದೇ ಫ್ರೀಜರ್ ಮೊದಲು ಎದ್ದು ಓಡುತ್ತಿದ್ದರೆ, ಅದರ ಒಂದು ಚಿಲ್ಲರೆ, ಫ್ರಿಜ್ಜಿನ 8.2, ಒಟ್ಟು ಒಂಬತ್ತೂವರೆ ಒಳಗೆ. ಜನರೇಟರ್ ಅದೇ, ಫ್ರಿಜ್ಜುಗಳೂ ಅವೇ, ಸರದಿ ಮಾತ್ರ ಬದಲು. ಎರಡೂ ತೆಪ್ಪಗೆ ಎದ್ದವು. ಕಡಿದ ಮೇಲೆ ಮಾತ್ರ ತಕ್ಷಣ ಮತ್ತೆ ಹಾಕಬಾರದು. ಒಳಗಿನ ಗ್ಯಾಸ್ ಒತ್ತಡ ಇಳಿಯಲು ಐದು ನಿಮಿಷ ಕಾಯಬೇಕು, ಇಲ್ಲದಿದ್ದರೆ ಎಳೆತ ಇನ್ನೂ ಜಾಸ್ತಿ. ಇಷ್ಟರಲ್ಲಿ ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ಇಣುಕಿ, "ಏನಪ್ಪಾ, ಮನೇಲಿ ಮದುವೆನಾ?" ಅಂತ ಕೇಳಿದರು. ಅಂದರೆ ಶಬ್ದ ತೀರಾ ಕಡಿಮೆಯೇನಲ್ಲ.

ಇನ್ನೊಂದು ಸಮಸ್ಯೆ ಉಳಿದಿತ್ತು. ಮಧ್ಯದಲ್ಲಿ ಫ್ರೀಜರ್ ತಣ್ಣಗಾಗಿ ತಾನೇ ನಿಂತು, ಮತ್ತೆ ತಾನೇ ಎದ್ದರೆ? ಆಗ ಫ್ರಿಜ್ ಓಡುತ್ತಿದ್ದರೆ ಮತ್ತೆ ಕೆಂಪು ದೀಪ. ಅದಕ್ಕೆ ಫ್ರೀಜರ್‌ನ ಥರ್ಮೋಸ್ಟಾಟ್ ಅತಿ ತಣ್ಣಗಿನ ತುದಿಗೆ ತಿರುಗಿಸಿ ಬಿಟ್ಟೆವು. ಏಪ್ರಿಲ್ ಸೆಕೆಯಲ್ಲಿ, ಮೂರು ನಾಲ್ಕು ಗಂಟೆಯ ಓಟದಲ್ಲಿ ಅದು ಆ ತುದಿ ಮುಟ್ಟುವುದೇ ಇಲ್ಲ, ಹಾಗಾಗಿ ನಿಲ್ಲುವುದೂ ಇಲ್ಲ. ಫ್ರಿಜ್ ಬೇಕಾದಷ್ಟು ಸಲ ನಿಂತು ಏಳಲಿ, ತೊಂದರೆ ಇಲ್ಲ. ಎರಡೂ ಒಮ್ಮೆ ಎದ್ದ ಮೇಲೆ ಎಕೋ ಆನ್ ಮಾಡಿದರೂ ಫ್ರಿಜ್ಜಿನ ಎಳೆತವನ್ನು ತಡೆದುಕೊಂಡಿತು.

ಪೆಟ್ರೋಲ್ ತರುವುದೂ ಒಂದು ಸಾಹಸ. ಪ್ಲಾಸ್ಟಿಕ್ ಕ್ಯಾನ್ ಹಿಡಿದು ಹೋದರೆ ಬಂಕಿನಲ್ಲಿ ಹಾಕುವುದಿಲ್ಲ, ಹಾಕಬಾರದು ಕೂಡ. ಹತ್ತು ಲೀಟರಿನ ಎರಡು ಲೋಹದ ಕ್ಯಾನ್ ಹೊಂದಿಸಿಕೊಂಡೆವು. ಮಾರುವುದಕ್ಕಲ್ಲದೆ ಸ್ವಂತಕ್ಕೆ ಅಂತ ಇಟ್ಟುಕೊಳ್ಳಲು ಲೈಸೆನ್ಸ್ ಬೇಡದ ಮಿತಿ ಪೆಟ್ರೋಲಿಯಂ ಕಾಯ್ದೆಯಲ್ಲಿ 30 ಲೀಟರ್. ಅದರೊಳಗೇ ಇದ್ದೆವು.

ಶುಕ್ರವಾರ ನಾಲ್ಕು ಗಂಟೆಗೆ ತೋಟ ಮುಟ್ಟಿದೆವು. ಫ್ರಿಜ್‌ಗಳನ್ನು ನಿಂತ ಹಾಗೇ ತಂದಿದ್ದರೂ ಒಂದು ಗಂಟೆ ಸುಮ್ಮನೆ ಬಿಟ್ಟೆವು, ಕಂಪ್ರೆಸರ್ ಎಣ್ಣೆ ಕೆಳಗೆ ಕೂರಲಿ ಅಂತ. ಮಾವಿನ ಮರದ ನೆರಳಲ್ಲಿ ಎರಡು ಹಲಗೆ ಹಾಕಿ ಮಟ್ಟ ಮಾಡಿ ಇಟ್ಟೆವು, ಹಿಂದೆ ಗಾಳಿಯಾಡಲು ಜಾಗ ಬಿಟ್ಟು. ಮನೆಯಲ್ಲೇ ಹಿಂದಿನ ರಾತ್ರಿ ಎರಡನ್ನೂ ಪೂರ್ತಿ ತಣ್ಣಗೆ ಮಾಡಿಕೊಂಡು ಬಂದಿದ್ದೆವು. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ನೀರು ಗಟ್ಟಿಯಾದ ಆರು ಬಾಟಲಿ. ಬಿಸಿ ಸಾಮಾನನ್ನು ಜನರೇಟರ್ ಮೇಲೆ ತಣ್ಣಗೆ ಮಾಡುವುದು ಅಂದರೆ ಪೆಟ್ರೋಲಿಗೆ ಬೆಂಕಿ ಇಟ್ಟ ಹಾಗೆ. ಅಂದರೆ, ಅದೇ ತಾನೆ ಮಾಡುವುದು, ಆದರೂ.

ಜನರೇಟರ್ ಎಲ್ಲಿಡಬೇಕು ಅಂತ ಸಣ್ಣ ಜಗಳವೇ ಆಯಿತು. ಅಕ್ಕನ ಮಗ, ಇಂಜಿನಿಯರಿಂಗ್ ಓದುವ ಹುಡುಗ, "ಮಾವ, ಆ ಹಳೇ ಪಂಪ್ ಶೆಡ್ ಒಳಗೆ ಇಡೋಣ, ಶಬ್ದನೂ ಕೇಳಲ್ಲ, ಮಳೆ ಬಂದ್ರೂ ನೆನೆಯಲ್ಲ" ಅಂದ. ಶೆಡ್‌ಗೆ ಅಂಟಿದ ಹಾಗೇ ಟೆಂಟ್ ಹಾಕಿತ್ತು. ಭಾವನೂ "ಅಷ್ಟೊತ್ಗೆ ಏನ್ ಆಯ್ತದೆ ಬುಡಪ್ಪ" ಅಂದರು. ನಾನು ಈ ಒಂದು ವಿಷಯದಲ್ಲಿ ಯಾರ ಮಾತೂ ಕೇಳಲಿಲ್ಲ. ಪೆಟ್ರೋಲ್ ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಮಲಗಿದ ಹಾಗೇ ಹೋಗುತ್ತಾರೆ, ಎದ್ದು ಹೊರಗೆ ಬರಬೇಕು ಅಂತ ತಲೆಗೆ ಹೊಳೆಯುವುದೂ ಇಲ್ಲ. ಶೆಡ್ ಬಾಗಿಲು ತೆಗೆದಿಟ್ಟರೂ ಸಾಲದು. ಕನಿಷ್ಠ 20 ಅಡಿ ದೂರ ಅಂತ ಎಲ್ಲರೂ ಹೇಳುತ್ತಾರೆ, ನಾವು ಅದರ ನಾಲ್ಕು ಪಟ್ಟು ದೂರ, 25 ಮೀಟರ್ ಆಚೆ, ಗಾಳಿ ಟೆಂಟ್ ಕಡೆಯಿಂದ ಹೊಳೆ ಕಡೆ ಬೀಸುವ ಜಾಗದಲ್ಲಿ, ಸೈಲೆನ್ಸರ್ ಮುಖ ಹೊಳೆಗೆ ಮಾಡಿ ಇಟ್ಟೆವು. ಮೇಲೆ ನಾಲ್ಕು ಗಳ ನೆಟ್ಟು ಒಂದು ತಗಡು, ನಾಲ್ಕೂ ಕಡೆ ಬಯಲು.

ದೂರ ಇಟ್ಟರೆ ವೈರ್ ಉದ್ದ ಆಗುತ್ತದೆ. ಮನೆಯಲ್ಲಿ ಸಿಗುವ ತೆಳ್ಳನೆಯ ಎಕ್ಸ್‌ಟೆನ್ಶನ್ ಬೋರ್ಡ್‌ಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾ ಹೋದರೆ ಎಳೆತದ ಹೊತ್ತಿಗೆ ವೈರೇ ಒಂದಷ್ಟು ವೋಲ್ಟ್ ನುಂಗಿಬಿಡುತ್ತದೆ. 30 ಮೀಟರ್ ಉದ್ದಕ್ಕೆ 0.75 ಎಂಎಂ ವೈರ್ ಆದರೆ ಹತ್ತು ಆಂಪಿಯರ್‌ಗೆ 15 ವೋಲ್ಟ್ ಹೋಗುತ್ತದೆ. 1.5 ಎಂಎಂ ತಾಮ್ರದ್ದಾದರೆ ಅರ್ಧ. ನಾವು 1.5ರ ಮೂರು ಎಳೆಯದು ಕೊಂಡೆವು. ಈ ಖರ್ಚು ಒಂದು ರೂಪಾಯಿಯೂ ದಂಡವಲ್ಲ.

ಇಪ್ಪತ್ತನಾಲ್ಕು ಗಂಟೆ ಓಡಿಸುವ ಯೋಚನೆ ಮೊದಲೇ ಬಿಟ್ಟಿದ್ದೆವು. ಬೆಳಗ್ಗೆ ಆರರಿಂದ ಒಂಬತ್ತು, ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆ, ರಾತ್ರಿ ಏಳರಿಂದ ಹನ್ನೊಂದು. ಹನ್ನೊಂದಕ್ಕೆ ಬಂದ್ ಮಾಡಿ, ಫ್ರಿಜ್ ಬಾಗಿಲಿಗೆ ದುಪ್ಪಟ್ಟಾ ಕಟ್ಟಿಬಿಡುವುದು, ಮಕ್ಕಳು ತೆಗೆಯದ ಹಾಗೆ. ಫ್ರಿಜ್ ಒಳಗೆ ಒಂದು ಥರ್ಮಾಮೀಟರ್ ಇಟ್ಟಿದ್ದೆ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ 3 ಡಿಗ್ರಿ. ನನಗೆ ನಿದ್ದೆ ಬರಲಿಲ್ಲ. ಹೋದ ವರ್ಷದ ಹಿಟ್ಟು ಕಣ್ಣ ಮುಂದೆ. ಬೆಳಗ್ಗೆ ಆರಕ್ಕೆ ದುಪ್ಪಟ್ಟಾ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಆರೂವರೆ ಡಿಗ್ರಿ. ಬಾಟಲಿಯ ಐಸ್ ಅರ್ಧ ಕರಗಿತ್ತು. ಹಾಲು ಮುಟ್ಟಿದರೆ ಬೆರಳು ಚುರ್ ಅಂದಿತು. ಹಿಟ್ಟಿನ ಡಬ್ಬಿ ಮುಚ್ಚಳ ಇದ್ದಲ್ಲೇ ಇತ್ತು.

ದೊಡ್ಡಮ್ಮನ ಇನ್ಸುಲಿನ್ ಬಗ್ಗೆ ಒಂದು ಮಾತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ತೆರೆದದ್ದು ಸಾಮಾನ್ಯವಾಗಿ ನಾಲ್ಕು ವಾರ ಹೊರಗೂ ಇರುತ್ತದೆ, ಆದರೆ ಹೊರಗೆ ಅಂದರೆ 25, ಹೆಚ್ಚೆಂದರೆ 30 ಡಿಗ್ರಿ, ನಮ್ಮ ಟೆಂಟಿನ ಮಧ್ಯಾಹ್ನ ಅಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಅದು ಮತ್ತೆ ಕೆಲಸಕ್ಕೆ ಬಾರದು. ಹಾಗಾಗಿ ಐಸ್ ಬಾಟಲಿ ಹತ್ತಿರ ಇಡದೆ ಬಾಗಿಲಿನ ಮಧ್ಯದ ಖಾನೆಯಲ್ಲಿ ಬಟ್ಟೆ ಸುತ್ತಿ ಇಟ್ಟೆವು. ದೊಡ್ಡಮ್ಮ ಅಷ್ಟಕ್ಕೂ ನಂಬದೆ ಎರಡನೇ ವಯಲ್ ಒಂದನ್ನು ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಕುಡಿಕೆಯಲ್ಲಿ ಬೇರೆ ಇಟ್ಟುಕೊಂಡಿದ್ದರು. "ನಿನ್ ಮಿಷನ್ನು ನಿನಗಿರಲಿ ಮಗ, ಹೋದ ವರ್ಸ ನೋಡಿಲ್ವಾ" ಅಂದರು. ತಪ್ಪು ಅನ್ನಲಾರೆ.

ಎಡವಿದ್ದು ಶನಿವಾರ ರಾತ್ರಿ. ಎಲ್ಲರೂ ಬೆಂಕಿ ಸುತ್ತ ಕೂತಿದ್ದಾಗ ತೋಟ ಇದ್ದಕ್ಕಿದ್ದ ಹಾಗೆ ಕತ್ತಲಾಯಿತು. ಎಂಜಿನ್ ಓಡುತ್ತಿದೆ, ಕರೆಂಟ್ ಇಲ್ಲ, ಕೆಂಪು ದೀಪ. ಹುಡುಕಿದರೆ, ಅತ್ತಿಗೆ ಮಗುವಿಗೆ ಹಾಲು ಬಿಸಿ ಮಾಡೋಣ ಅಂತ ಇಂಡಕ್ಷನ್ ಸ್ಟವ್ ಹಾಕಿದ್ದರು. 2,000 ವ್ಯಾಟ್! ಅದನ್ನು ಯಾರು ತಂದರೋ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಮೂರು ಕಲ್ಲಿನ ಒಲೆ ಹತ್ತು ಹೆಜ್ಜೆ ದೂರದಲ್ಲಿ ಉರಿಯುತ್ತಿತ್ತು. ಮಿಕ್ಸಿ ಮಾತ್ರ ಸಲೀಸಾಗಿ ಓಡಿತು, ಭಾನುವಾರದ ನಾಟಿಕೋಳಿ ಸಾರಿಗೆ ಖಾರ ಅರೆದದ್ದು ಅದರಲ್ಲೇ. ಟ್ಯಾಂಕಿಗೆ ಪೆಟ್ರೋಲ್ ಹಾಕುವುದು ಬಂದ್ ಮಾಡಿ ಕಾಲು ಗಂಟೆ ಆರಿದ ಮೇಲೆ ಮಾತ್ರ, ಅದೂ ಹಗಲಲ್ಲಿ ಅಂತ ಮೊದಲೇ ಕಟ್ಟಳೆ ಮಾಡಿದ್ದೆವು. ಅದನ್ನು ಯಾರೂ ಮುರಿಯಲಿಲ್ಲ.

ಸೋಮವಾರ ಎಂಟಕ್ಕೆ ಕಡೆಯ ಸಲ ಬಂದ್ ಮಾಡಿದಾಗ ಒಟ್ಟು 28 ಗಂಟೆ ಓಡಿತ್ತು. ಪೆಟ್ರೋಲ್ 11.5 ಲೀಟರ್. ಮೀಟರ್ ತೋರಿಸಿದ್ದು 7 ಯೂನಿಟ್. ಈಗ ಕಹಿ ಲೆಕ್ಕ: ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲ್, ಸುಮಾರು 1,200 ರೂಪಾಯಿ, ಅಂದರೆ ಒಂದು ಯೂನಿಟ್‌ಗೆ 170. ಮನೆಯಲ್ಲಿ ಅದೇ ಯೂನಿಟ್ ಆರೇಳು ರೂಪಾಯಿ, ಗೃಹಜ್ಯೋತಿ ಇದ್ದರೆ ಸೊನ್ನೆ. ಕಡಿಮೆ ಲೋಡ್‌ಗೆ ಓಡಿಸಿದರೆ ಹೀಗೇ ಆಗುವುದು. ಕಂಪನಿಯ ಅಂಕಿ ಹಿಡಿದು ಲೆಕ್ಕ ಹಾಕಿದರೂ ಪೂರ್ತಿ ಲೋಡ್‌ನಲ್ಲಿ ಒಂದು ಲೀಟರಿಗೆ 1.6 ಯೂನಿಟ್ ಬರುತ್ತದೆ, ಕಾಲು ಲೋಡ್‌ಗೆ ಒಂದೇ ಯೂನಿಟ್. ನಾವು ಅದಕ್ಕಿಂತಲೂ ಕೆಳಗಿದ್ದೆವು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಜಿಲ್ಲೆ ಇದು. ಅದೇ ಕಾವೇರಿ ಪಕ್ಕ ಕೂತು 170 ರೂಪಾಯಿಯ ಕರೆಂಟು ಸುಟ್ಟೆವಲ್ಲ ಅಂತ ನಗು ಬಂತು.

ಕೊಂಡುಕೊಳ್ಳುವುದು ಬೇಡ ಅಂದದ್ದು ಇದಕ್ಕೇ. ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಮೂರು ದಿನ. ಉಳಿದ ಹನ್ನೊಂದು ತಿಂಗಳು ಅದು ಮೂಲೆಯಲ್ಲಿ ಕೂರುತ್ತದೆ, ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಕಾರ್ಬುರೇಟರ್‌ನಲ್ಲಿ ಉಳಿದರೆ ಅಂಟು ಹಿಡಿಯುತ್ತದೆ, ಮುಂದಿನ ಏಪ್ರಿಲ್‌ಗೆ ಹಗ್ಗ ಎಳೆದು ಎಳೆದು ಭುಜ ಕೀಳುತ್ತದೆ. ಮನೆಗೆ ಯುಪಿಎಸ್ ಇದ್ದೇ ಇದೆ. ಬಾಡಿಗೆಯೇ ಲಾಭ. ತೋಟದ ಮನೆಯಲ್ಲೇ ಇರುವವರ, ವಾರಕ್ಕೆ ನಾಲ್ಕು ದಿನ ಬೇಕಾಗುವವರ ಮಾತು ಬೇರೆ.

ಇದಕ್ಕಿಂತ ಮುಖ್ಯವಾದ ಒಂದು ಪ್ರಶ್ನೆ ನನಗೆ ಹೊಳೆದದ್ದು ತಡವಾಗಿ, ವಾಪಸ್ ಬರುವಾಗ ಗಾಡಿಯಲ್ಲಿ. ಆ ಏಳು ಯೂನಿಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ತಿಂದದ್ದು ಫ್ರೀಜರ್. 2.2 ಕೆವಿಎ ಬೇಕಾದದ್ದೂ ಅದರ 9.6 ಆಂಪಿಯರ್ ದೆಸೆಯಿಂದ. ಅದರೊಳಗೆ ಇದ್ದದ್ದು ಏನು? ಆರು ಕೇಜಿ ಮಾಂಸ ಮೀನು. ಶ್ರೀರಂಗಪಟ್ಟಣದ ಮಟನ್ ಅಂಗಡಿ ಬೈಕಿನಲ್ಲಿ ಹದಿನೈದು ನಿಮಿಷ. ಒಂದು ಕೇಜಿ ಐಸ್ ಕರಗುವಾಗ 93 ವ್ಯಾಟ್ ಅವರ್‌ನಷ್ಟು ಶಾಖ ಎಳೆದುಕೊಳ್ಳುತ್ತದೆ, 20 ಕೇಜಿ ಗಡ್ಡೆ ಐಸ್ ಒಳ್ಳೆ ದಪ್ಪ ಗೋಡೆಯ ಐಸ್ ಬಾಕ್ಸ್‌ನಲ್ಲಿ ಹಾಕಿದರೆ ಎರಡು ದಿನ ಮಾಂಸ ಕಾಯುತ್ತದೆ. ಸರದಿಯ ಜಂಜಾಟವಿಲ್ಲ, ಕೆಂಪು ದೀಪವಿಲ್ಲ. ಹಳೇ ಫ್ರಿಜ್ಜಿನ ಬದಲು ಚಿಕ್ಕಪ್ಪನ ಮಗನ ಕಾರಿನ 12 ವೋಲ್ಟ್ ಫ್ರಿಜ್ ತಂದರೆ, ಅದು 40 ಲೀಟರಿನದು, 50 ವ್ಯಾಟ್ ಹತ್ತಿರ, ಮೆಲ್ಲಗೆ ಏಳುತ್ತದೆ, ಆಗ ಒಂದು ಸಾವಿರ ವ್ಯಾಟ್‌ನ ಆ 13 ಕೇಜಿ ಜನರೇಟರ್ರೇ ಬೇಕಾದಷ್ಟಾಯಿತು. ಹಾಲು ದಿನಾ ಬೆಳಗ್ಗೆ ಊರಿನ ಡೈರಿಯಿಂದ ತಂದರೆ ಅದೂ ಜಾಸ್ತಿಯೇ ಅನ್ನಿಸಬಹುದು.

ಇದನ್ನು ಭಾವನಿಗೆ ಹೇಳಿದೆ. ಅವರು ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಫ್ರೀಜರ್ ಬ್ಯಾಡ ಅಂತೀಯ. ಆಯ್ತು ಬುಡು. ಐಸ್ ಕ್ರೀಮ್ ಎಲ್ಲಿ ಮಡಗ್ತೀಯ?" ಅಂದರು. ಹಿಂದಿನ ಸೀಟಿನಿಂದ ಆರೂ ಮಕ್ಕಳು ಒಟ್ಟಿಗೆ "ಹೌದು" ಅಂದವು. ಉಳಿದ ಎಂಟೂವರೆ ಲೀಟರ್ ಪೆಟ್ರೋಲ್ ಭಾವನ ಸ್ಕೂಟರಿಗೆ ಹೋಯಿತು.